ತಮ್ಮನ ಮಾತ್ರೆ, ಹೊಸ ಸೂಜಿ ಮತ್ತು ಆ ಸಹಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ನನ್ನ ತಮ್ಮನಿಗೆ 26 ವರ್ಷ. ಪಿಯುಸಿ ಆದ ಮೇಲೆ ಗೋವಾಕ್ಕೆ ಹೋಗಿ ಹೋಟೆಲ್ ಕಿಚನ್ನಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಮೊದಲು ಗಾಂಜಾ, ಆಮೇಲೆ ಟಪೆಂಟಡಾಲ್ ಅನ್ನೋ ನೋವಿನ ಮಾತ್ರೆ. ಅದನ್ನು ಪುಡಿ ಮಾಡಿ, ನೀರಲ್ಲಿ ಕಲಸಿ ಕೈಗೆ ಚುಚ್ಚಿಕೊಳ್ಳುತ್ತಿದ್ದಾನೆ ಅಂತ ನಮಗೆ ಗೊತ್ತಾಗಿದ್ದು ಕಳೆದ ವರ್ಷ. ಎರಡು ಸಲ ಖಾಸಗಿ ಕೇಂದ್ರದಲ್ಲಿ ಇಟ್ಟೆವು. ಎರಡನೇ ಸಲ ಮನೆಗೆ ಬಂದ ವಾರದಲ್ಲೇ ಬಚ್ಚಲಲ್ಲಿ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ಹೇಗೋ ಬದುಕಿದ. ಈಗ ದೂರದ ದೊಡ್ಡ ಆಸ್ಪತ್ರೆಯೊಂದರಲ್ಲಿ ನಾಲಿಗೆ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುತ್ತಿದ್ದಾರೆ. ನಾಲ್ಕು ತಿಂಗಳಿಂದ ಸರಿ ಇದ್ದಾನೆ. ಬೇಲೇಕೇರಿಯಲ್ಲಿ ಸೋದರಮಾವನ ಬೋಟಿಗೆ ಹೋಗುತ್ತಿದ್ದಾನೆ. ಆದರೆ ಮಾವ "ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ದಾರೆ, ನಿಲ್ಲಿಸು" ಅಂತಾರೆ. ಅಲ್ಲಿನ ಕೌನ್ಸೆಲರ್ ವಿದೇಶದವರ ತರಬೇತಿ ಪಡೆದವರಂತೆ. "ಅಕಸ್ಮಾತ್ ಮತ್ತೆ ಚುಚ್ಚಿಕೊಂಡರೆ ಹೊಸ ಸೂಜಿಯನ್ನೇ ಬಳಸು, ಒಬ್ಬನೇ ಇರಬೇಡ" ಅಂತ ತಮ್ಮನಿಗೆ ಹೇಳಿದರು. ಇದು ಪರ್ಮಿಷನ್ ಕೊಟ್ಟ ಹಾಗಲ್ವಾ? ಈಗ ಹೊರದೇಶದ ವಿಶ್ವವಿದ್ಯಾಲಯದ ಜೊತೆ ಸೇರಿ ಮಾಡುವ ಸಂಶೋಧನೆಗೆ ಸಹಿ ಕೇಳುತ್ತಿದ್ದಾರೆ. ನಮ್ಮ ಹುಡುಗರ ಮೇಲೆ ಪ್ರಯೋಗ ಮಾಡ್ತಾರಾ? ಇನ್ನೊಂದು, ಮದುವೆ ಮಾಡಿದರೆ ಸರಿಹೋಗ್ತಾನೆ ಅಂತ ಅಮ್ಮ ಹೇಳ್ತಾರೆ. (ಹೆಸರು ಬೇಡ)

ಉತ್ತರ: ಮಾತ್ರೆ, ಸೂಜಿ, ಸಹಿ ಮೂರರ ಹೆದರಿಕೆಯೂ ನಿಮ್ಮ ಪತ್ರದಲ್ಲಿ ಒಂದರೊಳಗೊಂದು ಸಿಕ್ಕಿಕೊಂಡಿದೆ. ಬಿಡಿಸಿ ನೋಡೋಣ. ಅದಕ್ಕೂ ಮೊದಲು ಒಂದು ಮಾತು. ಸಹಿ ಹಾಕಿ, ಬಿಡಿ, ಅದು ನಿಮ್ಮಿಷ್ಟ. ಮಾತ್ರೆಯನ್ನು ಮಾತ್ರ ಮಾವನ ಮಾತು ಕೇಳಿ ದಿಢೀರ್ ಅಂತ ನಿಲ್ಲಿಸಬೇಡಿ.

ಯಾಕೆ ಅಂತ ಹೇಳಲು ಆ ಬಚ್ಚಲಿನ ವಿಷಯಕ್ಕೇ ಬರಬೇಕು. ಕೇಂದ್ರದಲ್ಲಿ ಇದ್ದು, ಪೂರ್ತಿ ಬಿಟ್ಟು, ಮೈ ತುಂಬಿಕೊಂಡು ಬಂದ ಹುಡುಗ ವಾರದೊಳಗೆ ಹಾಗೆ ಬಿದ್ದದ್ದು ಯಾಕೆ? "ಅಷ್ಟು ದಿನದ ಆಸೆ, ಜಾಸ್ತಿ ತಗೊಂಡಿರಬೇಕು" ಅಂತ ಮನೆಯವರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಹಾಗಿರುವುದಿಲ್ಲ. ಮೊದಲು ಎಷ್ಟು ತಗೊಳ್ಳುತ್ತಿದ್ದನೋ ಅಷ್ಟೇ ತಗೊಂಡಿರುತ್ತಾನೆ. ಟಪೆಂಟಡಾಲ್, ಹೆರಾಯಿನ್, ಮಾರ್ಫಿನ್ ಎಲ್ಲ ಒಂದೇ ಜಾತಿಯವು, ಅಫೀಮಿನ ಥರ ಕೆಲಸ ಮಾಡುವಂಥವು. ಇವು ಮೆದುಳಿನಲ್ಲಿ ಉಸಿರಾಟ ನಡೆಸುವ ಜಾಗವನ್ನೇ ಮಂಕಾಗಿಸುತ್ತವೆ. ದಿನಾ ತಗೊಳ್ಳುವವನ ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗಿಕೆ ಇಳಿದುಹೋಗುತ್ತದೆ. ಆದರೆ ಕೈಗೆ ಹಳೆಯ ಅಳತೆಯೇ ನೆನಪು. ನಿನ್ನೆ ತಡೆದುಕೊಳ್ಳುತ್ತಿದ್ದ ಡೋಸ್ ಇವತ್ತು ಉಸಿರು ನಿಲ್ಲಿಸುತ್ತದೆ. ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದ ಮೊದಲ ಕೆಲವು ವಾರ ಎಲ್ಲಕ್ಕಿಂತ ಅಪಾಯದ ಕಾಲ ಅನ್ನುವುದು ಇದಕ್ಕೇ. ಬಿಡಿಸಿ ಕಳಿಸಿದರೆ ಮುಗಿಯಿತು ಅಂದುಕೊಳ್ಳುವ ಜಾಗದಲ್ಲೇ ಸಾವು ಜಾಸ್ತಿ.

ಇದು ನನ್ನೊಬ್ಬನ ಅಂದಾಜಲ್ಲ. ಬೇರೆಬೇರೆ ದೇಶಗಳ ದಾಖಲೆ ಒಟ್ಟುಮಾಡಿ ಲೆಕ್ಕ ಹಾಕಿದ ದೊಡ್ಡ ವಿಶ್ಲೇಷಣೆಯೊಂದು 2017ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬ್ಯುಪ್ರೆನಾರ್ಫಿನ್ ತಗೊಳ್ಳುತ್ತಿದ್ದವರಲ್ಲಿ ವರ್ಷಕ್ಕೆ ಸಾವಿರಕ್ಕೆ 4.3 ಸಾವು. ಚಿಕಿತ್ಸೆ ಬಿಟ್ಟ ಕಾಲದಲ್ಲಿ 9.5. ಇದೇ ಥರದ ಇನ್ನೊಂದು ಔಷಧ ಮೆಥಡೋನ್‌ನಲ್ಲಿ ಈ ಅಂತರ ಇನ್ನೂ ದೊಡ್ಡದು, 11.3ಕ್ಕೆ 36.1. ಮಾವನಿಗೆ ಈ ಒಂದು ಲೆಕ್ಕ ತೋರಿಸಿ ಸಾಕು. ಬೋಟಿನವರಿಗೆ ಲೆಕ್ಕ ಬೇಗ ಅರ್ಥವಾಗುತ್ತದೆ.

ಹಾಗಾದರೆ ಮಾವ ಹೇಳಿದ್ದು ಪೂರ್ತಿ ಸುಳ್ಳಾ? ಅಲ್ಲ. ಬ್ಯುಪ್ರೆನಾರ್ಫಿನ್ ಕೂಡ ಅದೇ ಜಾತಿಯ ಔಷಧ. ತಿಂಗಳುಗಟ್ಟಲೆ ತಗೊಂಡವನಿಗೆ ಒಮ್ಮೆಲೇ ನಿಲ್ಲಿಸಿದರೆ ಮೈಕೈ ನೋವು, ಬೇಧಿ, ನಿದ್ದೆಗೇಡು ಎಲ್ಲ ಬರುತ್ತದೆ. ಮೈ ಅದಕ್ಕೆ ಒಗ್ಗಿದೆ, ನಿಜ. ಆದರೆ ಚಟ ಅಂದರೆ ಅಷ್ಟೇ ಅಲ್ಲವಲ್ಲ. ದುಡ್ಡಿಗಾಗಿ ಸುಳ್ಳು, ಕದ್ದುಮುಚ್ಚಿ ಚುಚ್ಚಿಕೊಳ್ಳುವುದು, ಬೆಳಿಗ್ಗೆ ಕಣ್ಣು ಬಿಟ್ಟಾಗಿಂದ ಅದೊಂದೇ ಯೋಚನೆ, ಅದೆಲ್ಲ ಸೇರಿ ಚಟ. ನಿಮ್ಮ ತಮ್ಮ ಈಗ ಬೆಳಗಿನ ಜಾವ ಎದ್ದು ಬೋಟಿಗೆ ಹೋಗುತ್ತಿದ್ದಾನೆ. ಆ ಚಟ ಈಗ ಎಲ್ಲಿ ಕಾಣುತ್ತದೆ ಅಂತ ಮಾವನನ್ನೇ ಕೇಳಿ.

ಈ ಮಾತ್ರೆಯಲ್ಲಿ ಎರಡು ಗುಣ ಇದೆ. ಒಂದು, ಅದು ಅರ್ಧದವರೆಗೆ ಮಾತ್ರ ಕೆಲಸ ಮಾಡುತ್ತದೆ. ಡೋಸ್ ಹೆಚ್ಚಿಸುತ್ತಾ ಹೋದರೂ ಒಂದು ಮಟ್ಟದ ಮೇಲೆ ಉಸಿರನ್ನು ಇನ್ನಷ್ಟು ಮಂಕಾಗಿಸುವುದಿಲ್ಲ. ಎರಡು, ಮೆದುಳಿನಲ್ಲಿ ಬಿಗಿಯಾಗಿ ಕೂತು ಒಂದು ದಿನಕ್ಕೂ ಹೆಚ್ಚು ಹೊತ್ತು ಇರುತ್ತದೆ. ಹಾಗಾಗಿ ಗುಂಗು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದು ಕೆಲಸ ಮಾಡುವುದು ನಾಲಿಗೆ ಕೆಳಗೆ ಪೂರ್ತಿ ಕರಗಿದಾಗ ಮಾತ್ರ. ಐದರಿಂದ ಹತ್ತು ನಿಮಿಷ ಬೇಕು. ನಮ್ಮ ಓಪಿಡಿಯಲ್ಲಿ ಕೆಲವರು ಬಾಯಿ ಮುಚ್ಚಿ, ಎಂಜಲು ನುಂಗದೆ, ಕೇಳಿದ್ದಕ್ಕೆಲ್ಲ ಕೈಸನ್ನೆಯಲ್ಲೇ ಉತ್ತರ ಕೊಡುತ್ತಾ ಕೂತಿರುತ್ತಾರೆ. ಹೊಸಬರು ಕಹಿ ತಾಳದೆ ಗುಟುಕ್ ಅಂತ ನುಂಗಿಬಿಡುತ್ತಾರೆ. ಆಮೇಲೆ "ಮಾತ್ರೆ ಹಿಡೀತಾ ಇಲ್ಲ" ಅಂತ ದೂರು. ನುಂಗಿದರೆ ಹೆಚ್ಚಿನ ಪಾಲು ಲಿವರಿನಲ್ಲೇ ಕಳೆದುಹೋಗುತ್ತದೆ.

ಅಪಾಯ ಇಲ್ಲವೇ ಇಲ್ಲ ಅಂತಲ್ಲ. ಇದರ ಮೇಲೆ ಹೆಂಡ ಅಥವಾ ಆಲ್‌ಪ್ರಜೋಲಾಮ್, ನೈಟ್ರಜೆಪಾಮ್ ಥರದ ನಿದ್ದೆ ಮಾತ್ರೆ ಸೇರಿದರೆ ಉಸಿರು ನಿಲ್ಲಬಹುದು. ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಹೆಂಡ ಅಗ್ಗ. ನಿಮ್ಮ ಕಡೆ ಈ ಮಾತನ್ನು ಎರಡು ಸಲ ಹೇಳಬೇಕಾಗುತ್ತದೆ. ಇನ್ನೊಂದು, ಟಪೆಂಟಡಾಲ್ ಇನ್ನೂ ಮೈಯಲ್ಲಿ ಇರುವಾಗ ಬ್ಯುಪ್ರೆನಾರ್ಫಿನ್ ಇಟ್ಟರೆ ಅದನ್ನು ತಳ್ಳಿ ತಾನು ಕೂರುತ್ತದೆ, ಸಂಕಟ ಒಮ್ಮೆಲೇ ಶುರುವಾಗುತ್ತದೆ. ಅವನು ನಡುವೆ ಜಾರಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಲಿ. ಬಯ್ಯದೆ ಕೇಳಿಸಿಕೊಳ್ಳುವುದು ನಮ್ಮ ಕೆಲಸ.

ಈಗ "ಹೊರದೇಶದ ಪ್ರಯೋಗ" ಅನ್ನೋ ಮಾತು. ಈ ಚಿಕಿತ್ಸೆ ಹೊಸದೇನಲ್ಲ. 1965ರಲ್ಲಿ ನ್ಯೂಯಾರ್ಕಿನಲ್ಲಿ ಡೋಲ್ ಮತ್ತು ನೈಸ್ವಾಂಡರ್ ಅನ್ನೋ ಇಬ್ಬರು ವೈದ್ಯರು ಮೆಥಡೋನ್ ಚಿಕಿತ್ಸೆಯ ಮೊದಲ ವರದಿ ಕೊಟ್ಟರು. ಫ್ರಾನ್ಸ್ 90ರ ದಶಕದ ನಡುವೆ ಸಾಮಾನ್ಯ ಡಾಕ್ಟರುಗಳಿಗೂ ಬ್ಯುಪ್ರೆನಾರ್ಫಿನ್ ಬರೆಯಲು ಬಿಟ್ಟಿತು. 1999ರ ಹೊತ್ತಿಗೆ ಅಲ್ಲಿ ಹೆರಾಯಿನ್ ಓವರ್‌ಡೋಸ್ ಸಾವು 79 ಪರ್ಸೆಂಟ್ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಈ ಎರಡನ್ನೂ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲೂ 90ರ ದಶಕದಿಂದಲೇ ಬ್ಯುಪ್ರೆನಾರ್ಫಿನ್ ಕೊಡುತ್ತಾ ಬಂದಿದ್ದಾರೆ. ಆಮೇಲೆ ಅದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದೊಳಗೇ ಬಂತು. ನಿಮ್ಮ ತಮ್ಮ ಮೊದಲಿಗನಲ್ಲ.

ಹಾಗಾದರೆ ದೇಶದೇಶದವರು ಸೇರಿ ಇನ್ನೂ ಸಂಶೋಧನೆ ಯಾಕೆ ಮಾಡಬೇಕು? ಒಂದೂರಲ್ಲಿ ಕೆಲಸ ಮಾಡಿದ್ದು ಇನ್ನೊಂದೂರಲ್ಲಿ ಮಾಡುತ್ತದೆ ಅಂತ ಖಾತ್ರಿ ಇರುವುದಿಲ್ಲ, ಅದಕ್ಕೆ. ಈ ಔಷಧಗಳನ್ನು ವಿಶ್ವ ಆರೋಗ್ಯ ಸಂಸ್ಥೆ ಚೀನಾ, ಇಂಡೋನೇಷ್ಯಾ, ಥಾಯ್ಲೆಂಡ್, ಇರಾನ್, ಲಿಥುವೇನಿಯಾ, ಪೋಲೆಂಡ್, ಉಕ್ರೇನ್, ಆಸ್ಟ್ರೇಲಿಯಾ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ದೇಶಗಳಲ್ಲಿ ಒಟ್ಟಿಗೆ ನೋಡಿತು. 2008ರಲ್ಲಿ ಫಲಿತಾಂಶ ಬಂತು. ಶ್ರೀಮಂತ ದೇಶಗಳಲ್ಲಿ ಕಂಡ ಉಪಯೋಗ ಉಳಿದ ಕಡೆಯೂ ಕಂಡಿತು. ಉಲ್ಟಾ ಉದಾಹರಣೆಯೂ ಇದೆ. ಡಾಕ್ಟರು ಅಥವಾ ನರ್ಸ್ ಕೆಲವು ಪ್ರಶ್ನೆ ಕೇಳಿ, ಹತ್ತು ಹದಿನೈದು ನಿಮಿಷ ಮಾತಾಡಿ ಕಳಿಸುವ ಪದ್ಧತಿಯೊಂದಿದೆ. ಅದನ್ನು ಆಸ್ಟ್ರೇಲಿಯಾ, ಬ್ರೆಜಿಲ್, ಭಾರತ, ಅಮೆರಿಕ ಈ ನಾಲ್ಕು ಕಡೆ ಪರೀಕ್ಷಿಸಿದರು. ಒಟ್ಟಾರೆ ನೋಡಿದರೆ ಮಾದಕ ವಸ್ತುಗಳ ಬಳಕೆ ಕಡಿಮೆಯಾಯಿತು. ಅಮೆರಿಕದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ! ಬರೀ ಅಮೆರಿಕದಲ್ಲೇ ನೋಡಿದ್ದರೆ "ಇದು ಉಪಯೋಗವಿಲ್ಲ" ಅಂತ ಕಡತ ಮುಚ್ಚುತ್ತಿದ್ದರು.

ನಿಮಗೆ ಹತ್ತಿರದ್ದೊಂದು ಹೇಳುತ್ತೇನೆ. ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗಾತ್ ಅನ್ನುವ ಸಂಸ್ಥೆ ಲಂಡನ್ನಿನ ಸಂಶೋಧಕರ ಜೊತೆ ಸೇರಿ ಕುಡಿತದ ಮೇಲೆ ಒಂದು ಅಧ್ಯಯನ ಮಾಡಿತು. ಕೌನ್ಸೆಲಿಂಗ್ ಮಾಡಿದವರು ಡಾಕ್ಟರೂ ಅಲ್ಲ, ಸೈಕಾಲಜಿಸ್ಟೂ ಅಲ್ಲ. ತರಬೇತಿ ಕೊಟ್ಟು ತಯಾರು ಮಾಡಿದ ಸ್ಥಳೀಯರು. ಹೆಚ್ಚೆಂದರೆ ನಾಲ್ಕು ಭೇಟಿ. ಮೂರು ತಿಂಗಳಾದ ಮೇಲೆ ನೋಡಿದರೆ, ಈ ಕೌನ್ಸೆಲಿಂಗ್ ಸಿಕ್ಕವರಲ್ಲಿ 36 ಪರ್ಸೆಂಟ್ ಗಂಡಸರ ಕುಡಿತ ಅಪಾಯದ ಮಟ್ಟದಿಂದ ಕೆಳಗಿಳಿದಿತ್ತು. ಮಾಮೂಲಿ ಚಿಕಿತ್ಸೆ ಸಿಕ್ಕವರಲ್ಲಿ 26. ಪವಾಡ ಏನಲ್ಲ. ಆದರೆ ಮನೋವೈದ್ಯರೇ ಸಿಗದ ಜಾಗಕ್ಕೆ ಆ ಹತ್ತು ಪರ್ಸೆಂಟ್ ದೊಡ್ಡದು. ಇದು 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ದುಡ್ಡು, ವಿಧಾನ ಹೊರಗಿನಿಂದ ಬಂದಿರಬಹುದು. ಕಲಿತವರು, ಕಲಿಸಿದವರು, ಗುಣವಾದವರು ಕಾಳಿ ನದಿಯ ಆಚೆಯ ನಮ್ಮದೇ ಜನ. ಕಾರವಾರದ ಹುಡುಗರು ಬೆಳಿಗ್ಗೆ ಕೆಲಸಕ್ಕೆ ಹೋಗುವ ಊರುಗಳು.

ತರಬೇತಿಯೂ ಹೀಗೇ. "ವಿದೇಶದ ತರಬೇತಿ" ಅಂದ ಕೂಡಲೇ ಬಿಳಿಯರು ಬಂದು ಪಾಠ ಹೇಳಿದರು ಅಂತಲ್ಲ. ಕೊಲಂಬೊ ಪ್ಲಾನ್ ಅಂತ ದೇಶಗಳ ಒಂದು ಒಕ್ಕೂಟ ಇದೆ. ಕಚೇರಿ ಶ್ರೀಲಂಕಾದಲ್ಲಿ, ಭಾರತ ಮೊದಲಿನಿಂದಲೂ ಸದಸ್ಯ. 1973ರಿಂದ ಅದರಲ್ಲಿ ಮಾದಕ ವ್ಯಸನಕ್ಕೇ ಬೇರೆ ವಿಭಾಗ ನಡೆಯುತ್ತಿದೆ. ಕೌನ್ಸೆಲರುಗಳಿಗೆ ಅವರು ಪಠ್ಯಕ್ರಮ ಮಾಡಿ ಪರೀಕ್ಷೆಯನ್ನೂ ನಡೆಸುತ್ತಾರೆ. ನಮ್ಮಲ್ಲಿ ದೆಹಲಿ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಬೆಂಗಳೂರಿನ ನಿಮ್ಹಾನ್ಸ್ ಇಂಥ ತರಬೇತಿ ಕೊಡುತ್ತವೆ. ತರಬೇತಿ ಇಲ್ಲದವರು ಏನು ಮಾಡುತ್ತಾರೆ ಅಂತ ನಿಮ್ಮ ತಮ್ಮ ನೋಡಿ ಬಂದಿದ್ದಾನಲ್ಲ, ಎರಡು ಸಲ.

ಸೂಜಿಯ ಮಾತಿಗೆ ಬರೋಣ. ಪರ್ಮಿಷನ್ ಕೊಟ್ಟ ಹಾಗೆ ಕೇಳಿಸುತ್ತದೆ, ಒಪ್ಪುತ್ತೇನೆ. ಅಕ್ಕನಾಗಿ ನಿಮಗೆ ಸಿಟ್ಟು ಬಂದದ್ದರಲ್ಲಿ ತಪ್ಪಿಲ್ಲ. ಆದರೆ ಮಣಿಪುರದಲ್ಲಿ 1989-90ರಲ್ಲಿ ಏನಾಯಿತು ನೋಡಿ. ಚುಚ್ಚಿಕೊಳ್ಳುವ ಹುಡುಗರ ನಡುವೆ ಎಚ್‌ಐವಿ ಕಾಲಿಟ್ಟ ಕೆಲವೇ ತಿಂಗಳಲ್ಲಿ ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹರಡಿತು. ಕಾರಣ ಒಂದೇ ಸಿರಿಂಜು ಕೈಯಿಂದ ಕೈಗೆ ಹೋಗುತ್ತಿತ್ತು. ಆಮೇಲೆ ಅವರ ಹೆಂಡಂದಿರಿಗೆ, ಮಕ್ಕಳಿಗೆ. ಹೊಸ ಸೂಜಿ ಕೊಟ್ಟರೆ ಚುಚ್ಚಿಕೊಳ್ಳುವುದು ಜಾಸ್ತಿಯಾಗುತ್ತದಾ ಅಂತ ಹಲವು ದೇಶಗಳಲ್ಲಿ ಹುಡುಕಿ ನೋಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಅದನ್ನೆಲ್ಲ ಒಟ್ಟುಮಾಡಿ ಪರಿಶೀಲಿಸಿತು. ಎಚ್‌ಐವಿ ಕಡಿಮೆಯಾಗುತ್ತದೆ, ಬಳಕೆ ಹೆಚ್ಚಿದ್ದಕ್ಕೆ ನಂಬುವಂಥ ಪುರಾವೆ ಇಲ್ಲ ಅಂತ ಹೇಳಿತು. ಹೊಸ ಸೂಜಿಗೆ ಬರುವವನು ವಾರ ವಾರ ಒಬ್ಬ ನರ್ಸಿನ ಮುಖ ನೋಡುತ್ತಾನೆ. ಚಿಕಿತ್ಸೆಗೆ ಬರುವ ದಾರಿ ಎಷ್ಟೋ ಜನರಿಗೆ ಅದೇ ಆಗಿದೆ.

ಇನ್ನೊಂದು ವಿಷಯ, ಹೊಸ ಸೂಜಿಯಿಂದಲೂ ತಪ್ಪದ್ದು. ನುಂಗುವ ಮಾತ್ರೆಯಲ್ಲಿ ಔಷಧ ಸ್ವಲ್ಪ, ಉಳಿದಿದ್ದೆಲ್ಲ ಅದನ್ನು ಗಟ್ಟಿ ಮಾಡಲು ಹಾಕಿದ ಟಾಲ್ಕ್, ಪಿಷ್ಟ ಇತ್ಯಾದಿ. ಬಟ್ಟೆಯಲ್ಲಿ ಸೋಸಿದರೂ ಅದು ಹೋಗುವುದಿಲ್ಲ. ರಕ್ತದಲ್ಲಿ ಸೇರಿ ಪುಪ್ಪುಸದ ಸಣ್ಣ ನಾಳಗಳಲ್ಲಿ ಕೂರುತ್ತದೆ. ಚುಚ್ಚಿದ ಜಾಗ ಕೀವಾಗುತ್ತದೆ. ಕೆಲವರಿಗೆ ಹೃದಯದ ಕವಾಟಕ್ಕೇ ಸೋಂಕು. ತಮ್ಮನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಲ್ಲವಾದರೆ ಮಾಡಿಸಿ. ಹೆಪಟೈಟಿಸ್ ಸಿ ಈಗ ಮಾತ್ರೆಯಲ್ಲೇ ಗುಣವಾಗುತ್ತದೆ. ಕಾರಣವಿಲ್ಲದೆ ಜ್ವರ ವಾರಗಟ್ಟಲೆ ಇದ್ದರೆ, ಹಳೆಯ ಕಥೆಯನ್ನೂ ಡಾಕ್ಟರಿಗೆ ಹೇಳಿ ತೋರಿಸಿ.

"ಒಬ್ಬನೇ ಇರಬೇಡ" ಅಂತ ಕೌನ್ಸೆಲರ್ ಹೇಳಿದ್ದು ಇಡೀ ಪತ್ರದಲ್ಲಿ ಬೆಲೆಬಾಳುವ ಮಾತು. ಓವರ್‌ಡೋಸಿಗೆ ನಲಾಕ್ಸೋನ್ ಅಂತ ಮದ್ದು ಇದೆ. ಅಫೀಮಿನ ಜಾತಿಯದ್ದನ್ನು ಮೆದುಳಿನಿಂದ ತಳ್ಳಿ ಉಸಿರು ಮತ್ತೆ ಶುರು ಮಾಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಮಾದಕ ದ್ರವ್ಯ ಕಚೇರಿ ಸೇರಿ ಕಜಕಸ್ತಾನ್, ಕಿರ್ಗಿಸ್ತಾನ್, ತಜಕಿಸ್ತಾನ್, ಉಕ್ರೇನ್‌ಗಳಲ್ಲಿ 14 ಸಾವಿರಕ್ಕೂ ಹೆಚ್ಚು ಜನರಿಗೆ ಇದನ್ನು ಕೊಡುವುದು ಹೇಗೆ ಅಂತ ಕಲಿಸಿದರು. ಕಲಿತವರಲ್ಲಿ ಬಳಸುವವರು, ಅವರ ಮನೆಯವರು, ಗೆಳೆಯರು ಎಲ್ಲ ಇದ್ದರು. ಓವರ್‌ಡೋಸ್ ಕಣ್ಣಾರೆ ಕಂಡವರು ಬಹುತೇಕ ಎಲ್ಲ ಸಲವೂ ಅದನ್ನು ಬಳಸಿದರು, ಬಿದ್ದವರು ಬಹುತೇಕ ಎಲ್ಲರೂ ಬದುಕಿದರು. ನಮ್ಮಲ್ಲಿ ನಲಾಕ್ಸೋನ್ ಆಸ್ಪತ್ರೆಗಳಲ್ಲಿ ಇಂಜೆಕ್ಷನ್ ಆಗಿ ಇರುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಬಹುದೇ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಬಚ್ಚಲಲ್ಲಿ ಬಿದ್ದ ಹಾಗೆ ಮತ್ತೊಮ್ಮೆ ಆದರೆ ಏನು ಮಾಡಬೇಕು ಅಂತ ಮನೆಯವರೆಲ್ಲ ತಿಳಿದಿರಲಿ. ಗೊರಗೊರ ಗೊರಕೆ, ಎಬ್ಬಿಸಿದರೂ ಏಳದಿರುವುದು, ನೀಲಿ ತುಟಿ, ನಿಮಿಷಕ್ಕೆ ನಾಲ್ಕೈದೇ ಉಸಿರು. "ನಿದ್ದೆ ಮಾಡ್ಲಿ ಬಿಡು" ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಉಸಿರು ನಿಂತಿದ್ದರೆ, ಅಥವಾ ಆಗೊಮ್ಮೆ ಈಗೊಮ್ಮೆ ಮಾತ್ರ ಎಳೆದುಕೊಳ್ಳುತ್ತಿದ್ದರೆ ತಲೆ ಹಿಂದಕ್ಕೆ ಬಾಗಿಸಿ ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಂದು ಉಸಿರು ಕೊಡಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಮಲಗಿಸಿ, ವಾಂತಿ ಗಂಟಲಿಗೆ ಹೋಗದ ಹಾಗೆ. ತಣ್ಣೀರು ಸುರಿಯುವುದು, ಮಜ್ಜಿಗೆ ಕುಡಿಸುವುದು ಬೇಡವೇ ಬೇಡ. ನಲಾಕ್ಸೋನ್ ಕೊಟ್ಟು ಎದ್ದು ಕೂತರೂ ಆಸ್ಪತ್ರೆಗೆ ಹೋಗಲೇಬೇಕು. ಮದ್ದಿನ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆ, ಅದು ಇಳಿದ ಮೇಲೆ ಉಸಿರು ಮತ್ತೆ ನಿಲ್ಲಬಹುದು.

ಈಗ ಸಹಿ. ಸಂಶೋಧನೆ ಬೇರೆ, ಚಿಕಿತ್ಸೆ ಬೇರೆ. ಸಹಿ ಹಾಕದಿದ್ದರೆ ಮಾತ್ರೆ ಕೊಡುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಹೇಳಿದರೆ ಅದು ನಿಯಮಕ್ಕೆ ವಿರುದ್ಧ, ಸಂಶೋಧನೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವ ಅಲ್ಲಿನ ನೈತಿಕ ಸಮಿತಿಗೆ ದೂರು ಕೊಡಿ. ಮತ್ತೆ, ಸಹಿ ಹಾಕಬೇಕಾದವನು ನಿಮ್ಮ ತಮ್ಮ. ನೀವಲ್ಲ, ಮಾವನೂ ಅಲ್ಲ.

ಫಾರ್ಮ್ ಮನೆಗೆ ತನ್ನಿ. ಅಲ್ಲೇ ಕೂತು ಸಹಿ ಹಾಕಬೇಕೆಂದೇನಿಲ್ಲ. ಕನ್ನಡದಲ್ಲೋ ಅವನಿಗೆ ಓದಲು ಬರುವ ಭಾಷೆಯಲ್ಲೋ ಇರಬೇಕು. ಮುಖ್ಯವಾಗಿ ನೋಡಬೇಕಾದದ್ದು, ಜನರನ್ನು ಎರಡು ಗುಂಪು ಮಾಡಿದ್ದರೆ ಎರಡನೇ ಗುಂಪಿಗೆ ಏನು ಸಿಗುತ್ತದೆ ಅನ್ನುವುದು. ಈಗ ಕೊಡುತ್ತಿರುವ ಮಾತ್ರೆಯ ಜೊತೆಗೆ ಇನ್ನೇನೋ ಸೇರಿಸಿ ನೋಡುವುದಾದರೆ ಸರಿ. ಮಾತ್ರೆ ನಿಲ್ಲಿಸಿ ಬೇರೇನೋ ಕೊಟ್ಟು ನೋಡುವುದಾದರೆ, ನಾಲ್ಕು ತಿಂಗಳಿಂದ ನೆಟ್ಟಗಿರುವವನು ಅದಕ್ಕೆ ಹೋಗಬೇಕಾ? ನಾನಾದರೆ ಬೇಡ ಅನ್ನುತ್ತೇನೆ. ರಕ್ತದ ಸ್ಯಾಂಪಲ್ ಹೊರದೇಶಕ್ಕೆ ಕಳಿಸುತ್ತಾರಾ, ಹೆಸರು ಯಾರ ಕೈಗೆ ಹೋಗುತ್ತದೆ, ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಯಾರು ಕೊಡುತ್ತಾರೆ, ಇದೆಲ್ಲ ಅಲ್ಲೇ ಬರೆದಿರಬೇಕು. ನಡುವೆ ಯಾವಾಗ ಬೇಕಾದರೂ ಬಿಡಬಹುದು ಅಂತಲೂ ಇರಬೇಕು. ಔಷಧದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯ ನಂಬರ್ ಕೇಳಿ. 2009ರಿಂದ ಅದು ಕಡ್ಡಾಯ, ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ತೆರೆದು ನೋಡಬಹುದು. ಹೊರದೇಶದವರ ಜೊತೆ ಸೇರಿ ಮಾಡುವ ಆರೋಗ್ಯ ಸಂಶೋಧನೆಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೂಲಕ ಕೇಂದ್ರ ಆರೋಗ್ಯ ಸಚಿವಾಲಯದ ಸಮಿತಿಯ ಒಪ್ಪಿಗೆಯೂ ಬೇಕು. ಕೇಳಿದರೆ ತೋರಿಸುತ್ತಾರೆ. ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಪೊಲೀಸರ ಹೆದರಿಕೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ, ಎಷ್ಟೋ ಜನ ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ. ಚಿಕಿತ್ಸೆಗೆ ಬಂದ ಅಂತ ಡಾಕ್ಟರು ಪೊಲೀಸರಿಗೆ ಫೋನ್ ಮಾಡುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಬಳಕೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಅವನಿಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಬೇರೆ ದಾರಿ ಇಲ್ಲವಾ? ಇದೆ. ನಾಲ್ಟ್ರೆಕ್ಸೋನ್ ಅನ್ನೋ ಮಾತ್ರೆ ಗುಂಗು ಹತ್ತದ ಹಾಗೆ ತಡೆಯುತ್ತದೆ, ಒಗ್ಗಿಕೆಯ ಪ್ರಶ್ನೆಯೇ ಇಲ್ಲ. ಆದರೆ ಶುರು ಮಾಡುವ ಮೊದಲು ವಾರ ಹತ್ತು ದಿನ ಪೂರ್ತಿ ಬಿಟ್ಟಿರಬೇಕು. ತಗೊಳ್ಳುವುದನ್ನು ಮರೆತು ಮತ್ತೆ ಚುಚ್ಚಿಕೊಂಡರೆ ಬಚ್ಚಲಿನ ಕಥೆಯೇ. ಮೂರನೇ ಸಲ ಕೇಂದ್ರಕ್ಕೆ ಹಾಕುವ ಯೋಚನೆ ಮಾವನಿಗಿದ್ದರೆ, ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಮೊದಲು ವಿಚಾರಿಸಿ. 2017ರ ಆ ಕಾಯ್ದೆ ಪ್ರಕಾರ ಸರಪಳಿ ಹಾಕುವುದು ಅಪರಾಧ. ಹೊಡೆಯುವ ಜಾಗಕ್ಕೆ ಚಿಕಿತ್ಸೆ ಅಂತ ಹೆಸರಿಡಲು ನನಗಂತೂ ಆಗುವುದಿಲ್ಲ.

ಮಾತ್ರೆ ಎಷ್ಟು ದಿನ? ಒಂದೆರಡು ವರ್ಷ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಕೆಲವರಿಗೆ ಇನ್ನೂ ಜಾಸ್ತಿ. ಬಿಡುವಾಗ ತಿಂಗಳುಗಟ್ಟಲೆ ಹಿಡಿದು ನಿಧಾನಕ್ಕೆ ಇಳಿಸುತ್ತಾರೆ. ಬೋಟು ನಾಲ್ಕೈದು ದಿನ ಹೊರಗಿರುತ್ತದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಅಷ್ಟು ದಿನದ ಮಾತ್ರೆ ಕೊಡಲು ಆಗುತ್ತದಾ ಕೇಳಿ. ಕೊಟ್ಟರೆ ಅದು ಮಾವನ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರಲಿ. ಇದರಿಂದ ಮಾವನಿಗೂ ಒಂದು ಕೆಲಸ ಸಿಗುತ್ತದೆ, ಬೈಯುವುದು ಕಡಿಮೆಯಾಗುತ್ತದೆ. ನನಗೆ ಹೆದರಿಕೆ ಇರುವುದು ಜೂನ್, ಜುಲೈ ಬಗ್ಗೆ. ಮೀನುಗಾರಿಕೆ ಬಂದ್, ಕೈಯಲ್ಲಿ ಸೀಸನ್ನಿನ ದುಡ್ಡು, ಮಾಡಲು ಕೆಲಸವಿಲ್ಲ, ಗೋವಾದ ಹಳೆಯ ಗೆಳೆಯರ ಫೋನ್. ಆ ಎರಡು ತಿಂಗಳಿಗೆ ಬಲೆ ರಿಪೇರಿಯೋ, ಗದ್ದೆಯೋ, ಏನೋ ಒಂದು ಈಗಲೇ ಗೊತ್ತು ಮಾಡಿಡಿ. ಆಸ್ಪತ್ರೆ ಭೇಟಿಯನ್ನೂ ಆಗ ಹತ್ತಿರ ಹತ್ತಿರ ಹಾಕಿಸಿಕೊಳ್ಳಿ. ದೂರದ ಓಡಾಟ ಕಷ್ಟವಾದರೆ, ಮುಂದಿನ ಚಿಕಿತ್ಸೆ ಕಾರವಾರದ ಕ್ರಿಮ್ಸ್ ಅಥವಾ ಧಾರವಾಡದ ಡಿಮ್ಹಾನ್ಸ್‌ನಲ್ಲಿ ಆಗಬಹುದಾ ಅಂತ ಈಗಿನ ಡಾಕ್ಟರನ್ನೇ ಕೇಳಿ. ಚೀಟಿ ಬರೆಸಿಕೊಂಡು ಹೋಗಿ, ಸುಮ್ನೆ ಅಲ್ಲಿ ಬಿಟ್ಟು ಇಲ್ಲಿ ಬರಬೇಡಿ. ನಡುವೆ ಏನಾದರೂ ಕೇಳಬೇಕಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416, ಎರಡೂ ಉಚಿತ.

ಇನ್ನು ಮದುವೆ. ಮದುವೆ ಚಿಕಿತ್ಸೆಯಲ್ಲ ಅಂತ ಅಮ್ಮನಿಗೆ ನನ್ನ ಹೆಸರು ಹೇಳಿಯೇ ತಿಳಿಸಿ. ಮಾತ್ರೆ ತಗೊಳ್ಳುತ್ತಲೇ ಮದುವೆಯಾಗಿ, ಮಕ್ಕಳಾಗಿ ಚೆನ್ನಾಗಿ ಇರುವವರನ್ನು ನಾನು ನೋಡುತ್ತಿದ್ದೇನೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಇನ್ನೂ ಒಂದು ವರ್ಷ ಹೀಗೇ ಕಳೆಯಲಿ, ಪರೀಕ್ಷೆಗಳ ರಿಪೋರ್ಟ್ ಕೈಗೆ ಬರಲಿ. ಹುಡುಗಿಗೆ ಎಲ್ಲವನ್ನೂ ನಿಶ್ಚಯಕ್ಕೆ ಮೊದಲೇ ಹೇಳಿ, ಅದನ್ನು ತಮ್ಮನೇ ಹೇಳಲಿ.